ಹಿಂದಿನ ಅಚ್ಚಿನ ಹಳದಿ ಗೆರೆ

ನಮ್ಮ ಮನೆಯವರು ಆ ದಿನದ ಕಥೆ ಹೇಳುವುದು ಒಂದೇ ರೀತಿಯಲ್ಲಿ. ಅವ್ವ ತೀರಿಕೊಂಡು ವರ್ಷ ತುಂಬಿದ ದಿನ ಪೂಜೆಗೆಂದು ಊರಿಗೆ ಹೊರಟಿದ್ದಾಗ ನಾನು ಅಪ್ಪನ ಮಾತು ಮೀರಿ ಜೀಪಿನ ಸಣ್ಣ ಲಿವರ್ ಎಳೆದೆ. ಜೀಪು ಕೆಟ್ಟು ನಿಂತಿತು. ಅಪ್ಪ ಮಳೆಯಲ್ಲಿ ಕೆಸರು ತುಳಿಯುತ್ತ ನಡೆದು ಹೋದರು, ಸಮಾಧಿ ಮುಟ್ಟುವಷ್ಟರಲ್ಲಿ ಪೂಜೆ ಮುಗಿದಿತ್ತು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಅಕ್ಕ ಇದನ್ನು ಯಾರಿಗೆ ಹೇಳಿದರೂ ಕೊನೆಗೊಂದು ಸಾಲು ಸೇರಿಸುತ್ತಾಳೆ: “ಕಾಲೇಜಿನ್ಯಾಗ ಇವಗ ವಾದಾ ಮಾಡೋದು ಕಲಿಸಿದ್ರಲ್ಲ, ಅವರಿಗೆ ಹೋಗಿ ಕೇಳ್ರಿ.”

ಇದರಲ್ಲಿ ಸುಳ್ಳಿಲ್ಲ. ಒಂದೊಂದು ಘಟನೆಯೂ ಹಾಗೇ ನಡೆದದ್ದು. ನನ್ನ ತಕರಾರು ಘಟನೆಗಳ ನಡುವಿನ ಕೊಂಡಿಯ ಮೇಲೆ. ನಾಲ್ಕೂ ಚಕ್ರಗಳಿಗೆ ಬಲ ಕೊಡಲೆಂದೇ ಇರುವ ಲಿವರ್ ಅದು. ನಾಲ್ಕೂ ಚಕ್ರಗಳಿಗೆ ಬಲ ಬೇಕಾದ ಜಾಗದಲ್ಲೇ ನಾನದನ್ನು ಎಳೆದದ್ದು. ಅಷ್ಟಕ್ಕೇ ಗಾಡಿ ಯಾಕೆ ಮುರಿಯಬೇಕು? ಕೊಡೆ ಬಿಚ್ಚಿದ್ದಕ್ಕೇ ಮನೆ ಸೋರಿತು ಅಂದರೆ ಯಾರಾದರೂ ಒಪ್ಪುತ್ತಾರೆಯೇ? ನಮ್ಮ ಮನೆಯಲ್ಲಿ ಒಪ್ಪಿದರು.

ಅಪ್ಪ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಬೋಲ್ಟನ್ನು ಬಿಗಿದು, ಬಿಗಿ ಸರಿಯಿದೆಯೆಂದು ಅಳೆದು ನೋಡಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ಅವರ ವಿಭಾಗದ ಪದ್ಧತಿ. ಬೋಲ್ಟು ಎಳ್ಳಷ್ಟು ತಿರುಗಿದರೂ ಗೆರೆ ತುಂಡಾಗಿ ದೂರದಿಂದಲೇ ಗೊತ್ತಾಗುತ್ತದೆ. ಅಪ್ಪ ಈ ಪದ್ಧತಿಯನ್ನು ಮನೆಗೂ ತಂದಿದ್ದರು. ಫ್ಯಾನಿನ ಕೊಂಡಿಗೆ ಹಳದಿ ಗೆರೆ, ನನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಳದಿ ಗೆರೆ, ಕುಕ್ಕರಿನ ಹಿಡಿಯ ಸ್ಕ್ರೂಗೂ ಒಂದು. “ಇನ್ನ ನನ್ನ ಹಣಿಗೂ ಒಂದು ಎಳದುಬಿಡ್ರಿ, ಎಲ್ಲೂ ಸಡ್ಲ ಆಗಬಾರದು” ಎಂದು ಅವ್ವ ನಗುತ್ತಿದ್ದಳು.

ಜೀಪು ನಾನು ಹುಟ್ಟುವ ಮೊದಲೇ ಹರಾಜಿನಲ್ಲಿ ಕೊಂಡದ್ದು. ಗೇರಿನ ಪಕ್ಕದಲ್ಲಿ ಗಿಡ್ಡನೆಯ ಇನ್ನೊಂದು ಲಿವರ್. ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ. ನಾನು ಡ್ರೈವಿಂಗ್ ಕಲಿತ ಮೊದಲ ದಿನವೇ ಅಪ್ಪ ಅದರ ಮೇಲೆ ಕೈಯಿಟ್ಟು, “ಇದೊಂದು ಮುಟ್ಟಬ್ಯಾಡ” ಅಂದಿದ್ದರು.

“ಯಾಕ್ರಿ?”

“ಮುಟ್ಟಬ್ಯಾಡ ಅಂದೆ.”

ಕ್ಲಚ್ಚಿನ ಬಗ್ಗೆ ಅರ್ಧ ಗಂಟೆ ವಿವರಿಸಿದ ಮನುಷ್ಯ ಇದಕ್ಕೆ ಎರಡು ಶಬ್ದ ಖರ್ಚು ಮಾಡಿದರು. ಹಿಮಾಯತ್‌ನಗರದ ಕಾಲೇಜಿನಲ್ಲಿ ಚರ್ಚಾ ತಂಡ ಸೇರಿದ ಮೇಲೆ ನಾನು ಈ ನಿಯಮವನ್ನು ಸ್ನೇಹಿತರಿಗೆ ಉದಾಹರಣೆಯಾಗಿ ಹೇಳುತ್ತಿದ್ದೆ. ಕಾರಣ ಹೇಳದ ನಿಯಮಕ್ಕೆ ನಮ್ಮನ್ನು ಕಟ್ಟಿಹಾಕುವ ಹಕ್ಕಿಲ್ಲ. ಕಾರಣ ತೋರಿಸುವ ಹೊಣೆ ನಿಯಮ ಮಾಡಿದವರದು. ಈ ವಾಕ್ಯಕ್ಕೆ ನನಗೆ ಎಷ್ಟೋ ಸಲ ಚಪ್ಪಾಳೆ ಬಿದ್ದಿದೆ.

ಪೂಜೆಯ ದಿನ ಅಪ್ಪ ಮತ್ತು ನಾನು ಇಬ್ಬರೇ ಜೀಪಿನಲ್ಲಿದ್ದೆವು. ಅವ್ವನ ಸಮಾಧಿ ಭಾಲ್ಕಿ ಕಡೆಯ ನಮ್ಮ ಹೊಲದಲ್ಲಿದೆ. ಬೀದರಿನಲ್ಲಿರುವ ಅಕ್ಕ, ಭಾವ ಹಿಂದಿನ ದಿನವೇ ಹೋಗಿದ್ದರು. ಕೊನೆಯ ಮೂರು ಕಿಲೋಮೀಟರ್ ಎರೆಮಣ್ಣಿನ ದಾರಿ. ಎರಡು ದಿನದ ಮಳೆಗೆ ಆ ಮಣ್ಣು ಹಿಟ್ಟು ಕಲಸಿಟ್ಟಂತಾಗಿತ್ತು. ಹಿಂದಿನ ಚಕ್ರ ನಿಂತಲ್ಲೇ ತಿರುಗತೊಡಗಿತು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಅಪ್ಪನ ತೊಡೆಯ ಮೇಲೆ ಹೂವು, ಕಾಯಿ, ಅವ್ವನಿಗೆ ಇಷ್ಟದ ಹೋಳಿಗೆಯ ಡಬ್ಬಿ ಇದ್ದ ಚೀಲ.

“ಸಣ್ಣದು ಎಳೀತೀನಿ” ಅಂದೆ.

“ಬ್ಯಾಡ. ಇಳದು ನೂಕೋಣು.”

“ನೂಕಲಿಕ್ಕ ನಾಲ್ಕು ಚಕ್ರದ ಜೀಪ್ ಯಾಕ ಬೇಕ್ರಿ? ಒಂದ್ ಕಾರಣ ಹೇಳ್ರಿ. ಒಂದೇ.”

ಅಪ್ಪ ಗಾಜಿನ ಆಚೆ ನೋಡುತ್ತ ಕೂತರು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಲಿವರ್ ಎಳೆದೆ. ಜೀಪು ಹೊಂಡದಿಂದ ಎಮ್ಮೆ ಏಳುವ ಹಾಗೆ ಎದ್ದು ಬಂತು. “ನೋಡಿದ್ರಿ?” ಅಂದೆ. ಇಡೀ ದಿನದಲ್ಲಿ ನನಗೆ ನಾಚಿಕೆ ತರುವ ಮಾತು ಅದೊಂದೇ. ಆ ಎರಡು ಸೆಕೆಂಡು ಅವ್ವನ ಪೂಜೆಯ ನೆನಪು ನನಗಿರಲಿಲ್ಲ, ಗೆದ್ದದ್ದೊಂದೇ ಗೊತ್ತಿತ್ತು.

ನಡುವೆ ತಾಂಡಾದ ಹತ್ತಿರ ದಾರಿ ಒಂದು ತುಂಡು ಸಿಮೆಂಟ್ ರಸ್ತೆಗೆ ಏರುತ್ತದೆ. ಏರಿದ ಸ್ವಲ್ಪ ಹೊತ್ತಿಗೆ ಸ್ಟಿಯರಿಂಗ್ ಬಿಗಿಯಿತು. ಜೀಪಿನ ಮುಂಭಾಗ ಹಿಂಭಾಗ ಎರಡೂ ಒಂದನ್ನೊಂದು ಎಳೆದಾಡುವಂತೆ ಗಾಡಿ ನಡುಗಿತು. ಲಿವರನ್ನು ಹಿಂದಕ್ಕೆ ತಳ್ಳಿದೆ, ಬರಲಿಲ್ಲ. ಹಿಂದಿನಿಂದ ಠಣ್ ಎಂದು ಒಂದು ಸದ್ದು. ಎಂಜಿನ್ ನಿಂತುಹೋಯಿತು.

ಅಪ್ಪ ಚೀಲ ಹಿಡಿದು ಇಳಿದರು. ಸಮಾಧಿಯ ಮುಂದೆ ದೀಪ ಹಚ್ಚಬೇಕಾದವನು ನಾನು. “ನಾನೂ ಬರ್ತೀನಿ” ಅಂದೆ. “ಜೀಪ್ ಕಾಯಿ” ಅಂದರು. ಅವರು ನನಗೆ ಆಡಿದ ಕೊನೆಯ ಮಾತು ಅದೇ ಅನ್ನಬಹುದು. ಅದಾದ ಮೇಲೆ ಹೇಳಿದ್ದು ಒಂದೇ ಒಂದು ವಾಕ್ಯ. ಮಳೆಯಲ್ಲಿ ಅವರ ಬಿಳಿ ಅಂಗಿ ಸಣ್ಣದಾಗುತ್ತ ತೊಗರಿ ಹೊಲದ ಬದುವಿನಲ್ಲಿ ಮರೆಯಾಯಿತು. ಬಹಳ ಹೊತ್ತಿನ ಮೇಲೆ ಟ್ರ್ಯಾಕ್ಟರಿನವನೊಬ್ಬ ಬಂದು, “ಒಂದೀಟು ಹಿಂದಕ ತಗೀರಿ, ಬಿಗಿ ಬಿಡ್ತದ” ಅಂದ. ಹಿಂದಕ್ಕೆ ತೆಗೆದೆ. ಲಿವರ್ ತಾನಾಗಿ ಸಡಿಲವಾಯಿತು. ನಾನು ಹೊಲ ಮುಟ್ಟಿದಾಗ ಉಂಡೆದ್ದವರು ಕೈ ತೊಳೆಯುತ್ತಿದ್ದರು. ದೀಪ ಭಾವ ಹಚ್ಚಿದ್ದರು.

ಮರುದಿನ ಬೆಳಿಗ್ಗೆ ಬೀದರಿನಲ್ಲಿ ಅಪ್ಪ ನನ್ನ ಕಡೆ ನೋಡದೆ, “ನಾ ಇಲ್ಲೇ ಇರ್ತೀನಿ, ನೀ ಹೋಗು” ಅಂದರು. ಆ ಒಂದು ವಾಕ್ಯ ಇದೇ.

ಹೈದರಾಬಾದಿಗೆ, ಕೂಕಟ್‌ಪಲ್ಲಿಯ ಮನೆಗೆ ಒಬ್ಬನೇ ವಾಪಸಾದೆ. ಮೂವರಿದ್ದ ಮನೆಯಲ್ಲಿ ಎರಡು ವರ್ಷದೊಳಗೆ ಒಬ್ಬ ಉಳಿದ. ಬೇಗಂಪೇಟೆಯ ಕಚೇರಿಯಲ್ಲಿ ನನ್ನದು ಹಿಂದಿ, ಇಂಗ್ಲಿಷು. ಕೆಳಗೆ ವಾಚ್‌ಮನ್ ಜೊತೆ, ತರಕಾರಿಯವಳ ಜೊತೆ ತೆಲುಗು. ಕನ್ನಡ ಇದ್ದದ್ದು ಬಾಗಿಲ ಒಳಗೆ ಮಾತ್ರ. ಈಗ ಒಳಗೆ ಮಾತಾಡಲು ಯಾರೂ ಇಲ್ಲದೆ ದಿನಗಟ್ಟಲೆ ನನ್ನ ಕಿವಿಗೆ ಒಂದು ಕನ್ನಡ ಶಬ್ದವೂ ಬೀಳುತ್ತಿರಲಿಲ್ಲ. ಕುಕ್ಕರ್ ಇಡುವಾಗ ಹಿಡಿಯ ಮೇಲಿನ ಹಳದಿ ಗೆರೆ ಕಾಣುತ್ತಿತ್ತು. ಎರಡು ಲೋಟ ಅಕ್ಕಿ ಅಳೆದು, ಒಂದನ್ನು ವಾಪಸ್ ಡಬ್ಬಿಗೆ ಸುರಿಯುವುದು ಎಷ್ಟೋ ದಿನ ನಡೆಯಿತು.

ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

“ಅಪ್ಪಗ ಕೊಡು.”

“ಸ್ನಾನಕ್ಕ ಹೋಗ್ಯಾರ.”

“ಪ್ರತಿ ವಾರಾನೂ ಸ್ನಾನಾನೇ ಏನು? ಹೋದ ವಾರನೂ ಇದನ್ನೇ ಹೇಳ್ದಿ.”

“ಏ ತಮ್ಮಾ, ವಕೀಲನಂಗ ಕೇಳಬ್ಯಾಡ. ತಪ್ಪಾತು ಅಂತ ಒಂದ್ ಮಾತು ಅನ್ನು, ಮುಗೀತು.”

“ತಪ್ಪು ಏನಂತ ಗೊತ್ತಾಗ್ಲಿ, ಆಮ್ಯಾಲ ಅಂತೀನಿ.”

“ಹಾಂ, ನಿನಗ ಗೊತ್ತಾಗೋತನಕ ಅವರು ಸ್ನಾನಾ ಮಾಡ್ಕೋತೇ ಇರ್ತಾರ.”

ಈ ಹಟವೇ ನನ್ನನ್ನು ಜೀಪಿನ ಕೆಳಗೆ ಮಲಗಿಸಿತು. ಲಿವರ್ ಎಳೆದದ್ದರಿಂದಲೇ ಜೀಪು ಕೆಟ್ಟಿತೋ, ಕೆಡಬೇಕಾದ್ದು ಮೊದಲೇ ಒಳಗೆ ಇತ್ತೋ? ಮೊದಲನೆಯದಾದರೆ ಬೀದರಿಗೆ ಹೋಗಿ ಕಾಲು ಹಿಡಿಯುತ್ತೇನೆ. ಎರಡನೆಯದಾದರೆ ಅಪ್ಪ ಮನೆಗೆ ಬರಬೇಕು. ಇಷ್ಟು ಸರಳವಾಗಿ ನಾನು ಲೆಕ್ಕ ಹಾಕಿಕೊಂಡಿದ್ದೆ.

ಅಷ್ಟು ಹೊತ್ತಿಗೆ ಜೀಪು ಚೆನ್ನಾಗಿ ಊಳಿಡತೊಡಗಿತ್ತು. ಆ್ಯಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು. ನಡುವೆ ಟಕ್ ಟಕ್. ಮೂಸಾಪೇಟೆಯಲ್ಲಿ ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ ಹಳೆಯ ಜೀಪುಗಳನ್ನಷ್ಟೇ ನೋಡುವ ಉಸ್ತಾದರೊಬ್ಬರ ಶೆಡ್ಡಿದೆ. ಹೋಗಿ ಹಿಂದಿಯಲ್ಲಿ ಶುರುಮಾಡಿದೆ. ಅವರು ಜೀಪಿನೊಳಗೆ ಅಂಟಿಸಿದ್ದ ಬೀದರಿನ ಹಳೆಯ ಕನ್ನಡ ಚೀಟಿಯೊಂದನ್ನು ನೋಡಿ, “ಹಿಂದಿ ಬಿಡು ಬೇಟಾ, ನಾ ಹುಮನಾಬಾದಿನಾಂವ” ಅಂದರು. ನಾಲ್ಕು ತಿಂಗಳ ಮೇಲೆ ಎದುರಿಗಿದ್ದ ಮನುಷ್ಯನ ಬಾಯಿಂದ ಕೇಳಿದ ಮೊದಲ ಕನ್ನಡ.

ನಾನು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡಿದ್ದೆ. “ಅದು ಕೆಳಗಿಡು. ಮೊದಲ ಹೊಡಿ, ಕೇಳೋಣು” ಎಂದು ಪಕ್ಕದ ಸೀಟಿನಲ್ಲಿ ಕೂತರು. ಹೆದ್ದಾರಿಯಲ್ಲಿ ವೇಗ ಹಿಡಿದಾಗ, “ಈಗ ಗೇರ್ ತಗದು ಹಾಂಗೇ ಬಿಡು” ಅಂದರು. ಎಂಜಿನ್ನಿನ ಸದ್ದು ತಗ್ಗಿತು, ಊಳು ಹಾಗೇ ಇತ್ತು.

“ಅಂದ್ರ ಎಂಜಿನ್ ಅಲ್ಲ, ಗೇರೂ ಅಲ್ಲ” ಅಂದೆ.

“ಶಾಣ್ಯಾ. ಮುಂದ?”

ಮುಂದೆ ಒಂದೊಂದಾಗಿ ಸಂಶಯ ತೆಗೆಯುತ್ತ ಹೋದೆವು. ಹಿಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಕೈಯಿಂದ ಅಲುಗಿಸಿ ನೋಡಿದೆವು, ಬೇರಿಂಗುಗಳಲ್ಲಿ ದೋಷವಿಲ್ಲ. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಶಾಫ್ಟಿನ ಕೀಲುಗಳನ್ನು ತಿರುಚಿ ನೋಡಿದೆವು, ಅವೂ ಗಟ್ಟಿ. ಆದರೆ ಶಾಫ್ಟನ್ನು ಅತ್ತಿತ್ತ ತಿರುಗಿಸಿದಾಗ ಹೆಬ್ಬೆರಳಿನಷ್ಟು ಅಗಲ ಪುಕ್ಕಟೆ ತಿರುಗಿ, ಆಮೇಲೆ ಕಟ್ ಎಂದು ಕಚ್ಚಿಕೊಳ್ಳುತ್ತಿತ್ತು. ಉಳಿದದ್ದು ಡಿಫರೆನ್ಷಿಯಲ್ ಮಾತ್ರ: ಎರಡು ಚಕ್ರಗಳನ್ನು ಕೂಡಿಸುವ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಗೂಡು. ಶಾಫ್ಟಿನ ತುದಿಯ ಸಣ್ಣ ಹಲ್ಲಿನ ಗಾಲಿ, ಪಿನಿಯನ್, ಅಲ್ಲಿ ದೊಡ್ಡ ಹಲ್ಲಿನ ಗಾಲಿಯಾದ ಕ್ರೌನನ್ನು ತಿರುಗಿಸುತ್ತದೆ. ಕ್ರೌನು ಎರಡೂ ಚಕ್ರಗಳನ್ನು ತಿರುಗಿಸುತ್ತದೆ. ಉಸ್ತಾದರು ಅದರ ಎಣ್ಣೆ ಬಿಟ್ಟರು. ಬೋಗುಣಿಯಲ್ಲಿ ಎಣ್ಣೆ ಮಿರಮಿರ ಹೊಳೆಯಿತು. ತಳದಲ್ಲಿ ಜೋಳದ ಕಾಳಿನಷ್ಟು ಉಕ್ಕಿನ ಚೂರು.

“ಹಲ್ಲು” ಅಂದರು ಉಸ್ತಾದರು, ಅದನ್ನು ನನ್ನ ಅಂಗೈಗೆ ಹಾಕುತ್ತ.

ನಾನು ಸೋತೆ ಅಂದುಕೊಂಡೆ. ಲಿವರ್ ಎಳೆದೆ, ಠಣ್ ಅಂತು, ಹಲ್ಲು ಮುರಿಯಿತು. ಪೂಜೆಯ ದಿನದ ಕಥೆಯನ್ನು ಉಸ್ತಾದರಿಗೆ ಪೂರ್ತಿ ಹೇಳಿದೆ, ನನ್ನ ‘ನೋಡಿದ್ರಿ’ಯನ್ನೂ ಬಿಡದೆ. ಅವರು ಬೀಡಿ ಹಚ್ಚದೆ ಕೈಯಲ್ಲಿ ಹೊರಳಿಸುತ್ತ, “ನಾಲ್ಕು ಹೆಜ್ಜಿ ಸಿಮೆಂಟ್ ಮ್ಯಾಲ ಹೋಗೂದ್ರಾಗ ಲಿವರ್ ಜಾಮ್ ಆತು?” ಎಂದು ಕೇಳಿದರು.

“ಹೌದ್ರಿ.”

“ಹಾಂಗ ಆಗಬಾರದಲ್ಲ. ಸುಣ್ಣದ ತುಂಡು ತಾ.”

ಹಿಂದಿನ ಒಂದು ಚಕ್ರ ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಗಾಳಿಯಲ್ಲಿದ್ದ ಚಕ್ರಕ್ಕೂ ಶಾಫ್ಟಿಗೂ ಸುಣ್ಣದ ಗುರುತು. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸುವುದು ಅವರ ಕೆಲಸ, ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸುವುದು ನನ್ನದು. ಐದಕ್ಕೆ ಸ್ವಲ್ಪ ಕಡಿಮೆ. ಮುಂದಿನ ಅಚ್ಚಿಗೂ ಹಾಗೇ ಮಾಡಿದೆವು. ಐದೂ ಕಾಲನ್ನು ದಾಟಿತು.

“ಮತ್ತೊಮ್ಮೆ ಎಣಸು.”

ಮೂರು ಸಲ ಎಣಿಸಿದೆ. ಮೂರೂ ಸಲ ಅಷ್ಟೇ.

ಉಸ್ತಾದರು ನೆಲದ ಮೇಲೆ ಕೂತು ವಿವರಿಸಿದರು. ಸುತ್ತಿನ ಲೆಕ್ಕ ನೋಡಿದರೆ ಮುಂದಿನ ಕ್ರೌನಿಗೆ ನಲವತ್ಮೂರು ಹಲ್ಲು, ಹಿಂದಿನದಕ್ಕೆ ಮೂವತ್ತೊಂಬತ್ತು. ಎರಡೇ ಚಕ್ರಕ್ಕೆ ಬಲ ಹೋಗುವಾಗ ಯಾರಿಗೂ ಇದು ಗೊತ್ತಾಗುವುದಿಲ್ಲ. ಸಣ್ಣ ಲಿವರ್ ಎಳೆದರೆ ಮುಂದಿನ ಜೋಡಿ ಒಂದು ವೇಗಕ್ಕೆ, ಹಿಂದಿನ ಜೋಡಿ ಇನ್ನೊಂದು ವೇಗಕ್ಕೆ ತಿರುಗಬೇಕೆನ್ನುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಜಗಳ ತೀರುತ್ತದೆ. ಸಿಮೆಂಟಿನ ಮೇಲೆ ಜಾರಲು ಆಸ್ಪದವಿಲ್ಲ, ಕಬ್ಬಿಣ ಮುರಿಯುತ್ತದೆ.

“ಈ ಗಾಡಿಗೆ ಆ ಲಿವರ್ ವಿಷ. ಯಾರೋ ಹಿಂದಿಂದು ಬದ್ಲಿ ಮಾಡ್ಯಾರ” ಅಂದರು.

ಯಾರೋ! ನನ್ನ ಎದೆ ಹಗುರವಾಯಿತು. ಯಾವನೋ ಹೆದ್ದಾರಿಯ ಮೆಕ್ಯಾನಿಕ್ ಅಪ್ಪನಿಗೆ ಮೋಸ ಮಾಡಿದ್ದಾನೆ. ತಪ್ಪು ನನ್ನದೂ ಅಲ್ಲ, ಅಪ್ಪನದೂ ಅಲ್ಲ. ಇಷ್ಟು ಅನುಕೂಲದ ತೀರ್ಪು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ.

ಮುಂದಿನ ಭಾನುವಾರ ಗೂಡಿನ ಹಿಂದಿನ ಮುಚ್ಚಳ ಬಿಚ್ಚಿದೆವು. ಕ್ರೌನಿನ ಎರಡು ಹಲ್ಲು ಅರ್ಧಕ್ಕೆ ಹೋಗಿದ್ದವು, ಮೂರನೆಯದರಲ್ಲಿ ಬಿರುಕು. ಉಸ್ತಾದರು ಬಟ್ಟೆಯಿಂದ ಎಣ್ಣೆ ಒರೆಸುತ್ತ ಕ್ರೌನನ್ನು ನಿಧಾನವಾಗಿ ತಿರುಗಿಸಿದರು. ಅದನ್ನು ಬಿಗಿದಿದ್ದ ಬೋಲ್ಟುಗಳು ಒಂದೊಂದಾಗಿ ಟಾರ್ಚಿನ ಬೆಳಕಿಗೆ ಬಂದವು.

ಪ್ರತಿ ಬೋಲ್ಟಿನ ಮೇಲೂ ಒಂದು ಗೆರೆ. ವರ್ಷಗಟ್ಟಲೆ ಎಣ್ಣೆಯಲ್ಲಿ ನೆಂದು ಕಂದು ತಿರುಗಿದ್ದರೂ ಹಳದಿ ಎಂದು ಗೊತ್ತಾಗುತ್ತಿತ್ತು. ಒಂದೂ ತುಂಡಾಗಿರಲಿಲ್ಲ.

“ಯಾರ್ ಮಾಡ್ಯಾರೋ ಏನೋ, ಕೆಲಸ ಮಾತ್ರ ಭಾಳ ಸಫಾಯಿ” ಅಂದರು ಉಸ್ತಾದರು.

ನಾನು ಯಾರೆಂದು ಹೇಳಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಸಂದೇಶ ಬರೆಯಲು ಕೂತೆ. ಒಂದು, ಹಲ್ಲಿನ ಲೆಕ್ಕ. ಎರಡು, ಗೆರೆಗಳ ಫೋಟೋ. ಮೂರು, ಆದ್ದರಿಂದ ಅಪ್ಪನಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ, ಒಂದು ವಾಕ್ಯ ಹೇಳಿದ್ದರೆ ನಾನು ಲಿವರ್ ಮುಟ್ಟುತ್ತಿರಲಿಲ್ಲ. ಬರೆದು ಮುಗಿಸಿದೆ. ಅಷ್ಟು ಬಿಗಿಯಾದ ವಾದ ನಾನು ಹಿಂದೆಂದೂ ಕಟ್ಟಿರಲಿಲ್ಲ. ಓದಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನನಗೇ ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಅಡುಗೆಮನೆಯ ಗೋಡೆಗೆ ತಾಗಿ ದನಿ ವಾಪಸ್ ಬಂತು.

ಚರ್ಚಾ ತಂಡದಲ್ಲಿ ನಮಗೊಂದು ಅಭ್ಯಾಸವಿತ್ತು: ನಿಮ್ಮ ವಾದ ಮಂಡಿಸುವ ಮೊದಲು ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ. ಫೋನಿನಲ್ಲಿ ಐದು ನಿಮಿಷದ ಟೈಮರ್ ಇಟ್ಟುಕೊಂಡು ಅಪ್ಪನ ಪರವಾಗಿ ಮಾತಾಡಲು ನಿಂತೆ. ಕೂದಲೆಳೆಯ ಅಳತೆಗೆ ಇಡೀ ಯಂತ್ರವನ್ನು ತಿರಸ್ಕರಿಸುತ್ತಿದ್ದ ಮನುಷ್ಯ, ಹಿಂದೊಂದು ಮುಂದೊಂದು ಕ್ರೌನ್ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ಗೆರೆ ಎಳೆದು, ಮಗನಿಂದ ಮುಚ್ಚಿಟ್ಟದ್ದು ಯಾಕೆ? ಒಂದು ನಿಮಿಷಕ್ಕೇ ಮಾತು ನಿಂತಿತು. ಉಳಿದ ನಾಲ್ಕು ನಿಮಿಷ ಕೆಳಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುವುದನ್ನು ಕೇಳುತ್ತ ನಿಂತೆ. ಸಂದೇಶ ಕಳಿಸಲಿಲ್ಲ. ಅಳಿಸಲೂ ಇಲ್ಲ.

ಉಸ್ತಾದರು ಹಳೆಯ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿ ಎರಡು ಜೋಡಿ ತಂದಿಟ್ಟಿದ್ದರು. ಪಿನಿಯನ್ ಎರಡರಲ್ಲೂ ಎಂಟು ಹಲ್ಲಿನದೇ; ಕ್ರೌನ್ ಒಂದರಲ್ಲಿ ನಲವತ್ಮೂರು, ಇನ್ನೊಂದರಲ್ಲಿ ಮೂವತ್ತೊಂಬತ್ತು. ಬೆಂಚಿನ ಮೇಲೆ ಎರಡನ್ನೂ ಇಟ್ಟು, “ಯಾವ್ದು?” ಅಂದರು.

“ಕೇಳೋದೇನದ ಚಾಚಾ? ಸರಿ ಇರೋದು ನಲವತ್ಮೂರು.”

“ಸರಿ ಅದ. ನಾಲ್ಕು ಚಕ್ರಾನೂ ನಡೀತಾವ. ಆದ್ರ ಹೆದ್ದಾರಿಮ್ಯಾಲ ಒದರ್ತದ ನೋಡು. ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ತಿರಗಬೇಕಲ್ಲ.” ಅವರು ಮೂವತ್ತೊಂಬತ್ತರ ಕ್ರೌನನ್ನು ಉಗುರಿನಿಂದ ಮೀಟಿದರು. “ಇದನ್ನ ಹಾಕೋರು ಆವಾಜ್ ಕಮ್ಮಿ ಆಗ್ಲಿ ಅಂತ ಹಾಕ್ತಾರ. ಮುಂದಿಂದೂ ಬದಲಸ್ಬೇಕು, ಅವರಿಗೆ ಸಿಕ್ಕಿರ್ಲಿಕ್ಕಿಲ್ಲ. ನಿಮ್ಮ ಮನ್ಯಾಗ ಯಾರಿಗರೆ ಗದ್ದಲಾ ಆಗ್ತಿರ್ಲಿಲ್ಲೇನು?”

“ಹಾಂಗೇನಿಲ್ರಿ” ಅಂದೆ. “ಅದಕ್ಕ ಪುರಾವೆ ಏನದ?”

“ನಾ ಎಲ್ಲಿ ಕೋರ್ಟಿನ್ಯಾಗ ನಿಂತೀನಿ, ಬೇಟಾ? ಹಂಗೇ ಕೇಳ್ದೆ.”

ನಲವತ್ಮೂರನ್ನೇ ಹಾಕಿದೆವು. ಅದು ಒಂದು ದಿನದ ಕೆಲಸವಲ್ಲ. ಹಲ್ಲುಗಳಿಗೆ ನೀಲಿ ಬಣ್ಣ ಸವರಿ, ತಿರುಗಿಸಿ, ಪಿನಿಯನ್ ಕ್ರೌನನ್ನು ಎಲ್ಲಿ ಮುಟ್ಟುತ್ತಿದೆ ಎಂದು ನೋಡಬೇಕು. ಗುರುತು ಹಲ್ಲಿನ ಅಂಚಿಗೆ ಬಿದ್ದರೆ ಬಿಚ್ಚಿ, ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆ ಸೇರಿಸಿ ಅಥವಾ ತೆಗೆದು ಮತ್ತೆ ಜೋಡಿಸಬೇಕು. ಏಳು ಸಲ ಬಿಚ್ಚಿದೆವು. ಎಂಟನೆಯ ಸಲ ನೀಲಿ ಗುರುತು ಹಲ್ಲಿನ ನಟ್ಟನಡುವೆ ಬಿತ್ತು. ಅಪ್ಪ ಇದನ್ನು ಒಬ್ಬರೇ ಎಲ್ಲಿ ಕೂತು ಮಾಡಿರಬಹುದು? ನಾನು ಶಾಲೆಗೆ ಹೋದಾಗಲೇ? ಕೈಗೆ ಹತ್ತಿದ ನೀಲಿ ಏನೆಂದು ಅವ್ವ ಕೇಳಲಿಲ್ಲವೇ?

ಬೋಲ್ಟು ಬಿಗಿದಾದ ಮೇಲೆ ನಾನು ಹಳದಿ ಬಣ್ಣದ ಪುಟ್ಟ ಡಬ್ಬಿ ತೆಗೆದೆ. ಒಳಗಿನ ಬೋಲ್ಟುಗಳಿಗೆ ಒಂದೊಂದು ಗೆರೆ ಎಳೆದು, ಮುಚ್ಚಳ ಕೂಡಿಸಿ, ಹೊರಗಿನವಕ್ಕೂ ಎಳೆದೆ.

“ಏನ್ ಬೇಟಾ, ಗಾಡಿಗೆ ಅರಿಷಿಣ ಹಚ್ಚಿ ಮದಿವಿ ಮಾಡ್ತಿ ಏನು?” ಉಸ್ತಾದರು ನಕ್ಕರು. ನನ್ನ ಗೆರೆಗಳು ಅಪ್ಪನ ಗೆರೆಗಳಷ್ಟು ನೇರ ಇರಲಿಲ್ಲ.

ಬೀದರಿಗೆ ಹೊರಡುವ ಹಿಂದಿನ ದಿನ ಜೀಪು ತೊಳೆದೆ. ಮುಂದಿನ ಪೆಟ್ಟಿಗೆಯಲ್ಲಿ ಹಳೆಯ ರಸೀದಿಗಳ ಕೆಳಗೆ ನೋವಿನ ಮುಲಾಮಿನ ಖಾಲಿ ಡಬ್ಬಿಯೊಂದು ಸಿಕ್ಕಿತು. ತೆರೆದರೆ ಹತ್ತಿಯ ಉಂಡೆಗಳು, ಗಟ್ಟಿಯಾಗಿ ಹಳದಿಗಟ್ಟಿದ್ದವು. ಅವ್ವನದು. ನಾನು ಚಿಕ್ಕವನಿದ್ದಾಗ ಊರಿಗೆ ಹೋಗುವಾಗೆಲ್ಲ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು, ಮೇಲೆ ಸೆರಗು ಬಿಗಿಯಾಗಿ ಸುತ್ತಿ ಕೂರುತ್ತಿದ್ದಳು. ಮುಟ್ಟಿದ ಮೇಲೆ ಅರ್ಧ ದಿನ ಕಿಟಕಿ ಮುಚ್ಚಿ ಮಲಗುತ್ತಿದ್ದಳು. ಆಮೇಲೆ ಒಂದು ವರ್ಷದಿಂದ ಹತ್ತಿ ಇಡುವುದನ್ನೇ ಬಿಟ್ಟಳು. ದಾರಿಯುದ್ದಕ್ಕೂ ಹಿಂದೆ ತಿರುಗಿ ನಮ್ಮ ಜೊತೆ ಮಾತಾಡಿದಳು. “ರೂಢಿ ಆತು ಆಕಿಗೆ” ಎಂದು ಎಲ್ಲರೂ ಅಂದರು. ಮನೆಯ ಎಲ್ಲ ಕಥೆಗಳಿಗೂ ಪ್ರಶ್ನೆ ಕೇಳಿದ ನಾನು ಈ ಒಂದಕ್ಕೆ ಕೇಳಿರಲಿಲ್ಲ.

ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಒಂದು ಡಬ್ಬಿ ಪುರಾವೆಯಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಹೊರಟೆ. ಊಳು ಹೋಗಿತ್ತು, ಟಕ್ ಟಕ್ ಇಲ್ಲ. ಹಿಂದಿನ ಅಚ್ಚು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಆದರೆ ಪಟಾನ್‌ಚೆರು ದಾಟಿ ವೇಗ ಹಿಡಿದ ಮೇಲೆ ಎಂಜಿನ್ ಒದರತೊಡಗಿತು. ಉಸ್ತಾದರು ಹೇಳಿದ್ದು ಕಡಿಮೆಯೇ. ತಗಡು ನಡುಗಿತು, ಗಾಜು ನಡುಗಿತು, ನನ್ನ ಹಲ್ಲಿನ ಬುಡದಲ್ಲಿ ಒಂದು ಗುಂಯ್ ಶುರುವಾಯಿತು. ನಾನೊಂದು ವಾಕ್ಯ ಜೋರಾಗಿ ಆಡಿ ನೋಡಿದೆ, ನನಗೇ ಕೇಳಲಿಲ್ಲ. ಜಹೀರಾಬಾದ್ ಬರುವಷ್ಟರಲ್ಲಿ ಎಡಗಿವಿಯ ಮೇಲ್ಭಾಗದಿಂದ ಹಣೆಯವರೆಗೆ ನೋವು ಹಿಡಿಯಿತು. ರಸ್ತೆ ಬದಿಗೆ ನಿಲ್ಲಿಸಿದೆ. ಪಕ್ಕದ ಸೀಟು ಖಾಲಿ. ಅಷ್ಟು ವರ್ಷ ಅವ್ವ ಕೂರುತ್ತಿದ್ದದ್ದು ಅಲ್ಲೇ, ಹಿಂದೆ ಕೂತ ನಮಗಿಂತ ಎಂಜಿನ್ನಿಗೆ ಹತ್ತಿರ. ಮುಲಾಮಿನ ಡಬ್ಬಿ ತೆಗೆದು, ಎರಡು ಉಂಡೆ ಹಿಂಜಿ ಕಿವಿಗೆ ಇಟ್ಟುಕೊಂಡು ಬೀದರಿನವರೆಗೆ ಹಾಗೇ ಓಡಿಸಿದೆ. ಫೋನಿನಲ್ಲಿ ಆ ಸಂದೇಶ ಇನ್ನೂ ಇತ್ತು: ಒಂದು, ಎರಡು, ಮೂರು.

ಸದ್ದಿಗೇ ಇರಬೇಕು, ನಾನು ಗೇಟಿನ ಮುಂದೆ ನಿಲ್ಲಿಸುವ ಮೊದಲೇ ಅಪ್ಪ ಹೊರಗೆ ಬಂದಿದ್ದರು. ಹಿಂದೆ ಅಕ್ಕ, ಕೈಯಲ್ಲಿ ಸೌಟು.

“ಬಂದ್ಯಾ ವಕೀಲಸಾಹೇಬ? ಏನಿದು ಗಾಡಿ, ಓಣಿ ಮಂದಿ ಎಲ್ಲಾ ಹೊರಗ ಬಂದ್ರು ನೋಡು!”

ಅಪ್ಪ ನನ್ನನ್ನು ನೋಡಲಿಲ್ಲ. ಎಂಜಿನ್ ನಿಲ್ಲುವವರೆಗೂ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಆಮೇಲೆ ಜೀಪಿನ ಹಿಂದಕ್ಕೆ ಹೋಗಿ, ಮೊಣಕಾಲಿಗೆ ಕೈಯೂರಿ, ನಿಧಾನಕ್ಕೆ ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಗೂಡಿನ ಮುಚ್ಚಳದ ಮೇಲೆ ನನ್ನ ಸೊಟ್ಟ ಗೆರೆಗಳು ಹೊಚ್ಚ ಹೊಸದಾಗಿ ಕಾಣುತ್ತಿದ್ದವು. ಅಪ್ಪ ಕೈ ಚಾಚಿ ಒಂದು ಗೆರೆಯ ಮೇಲೆ ತೋರುಬೆರಳು ಇಟ್ಟು, ತಲೆಯಿಂದ ಕೆಳಗಿನವರೆಗೆ ಎಳೆದರು. ಎರಡನೆಯದು. ಮೂರನೆಯದರ ಮೇಲೆ ಬೆರಳು ನಿಂತಿತು. ಒಳಗೆ ಎಷ್ಟು ಹಲ್ಲಿದೆ ಎಂದು ಆ ಸದ್ದಿನಿಂದಲೇ ಅವರಿಗೆ ಗೊತ್ತಾಗಿತ್ತು. ನಾನು ಎಲ್ಲವನ್ನೂ ಬಿಚ್ಚಿ ನೋಡಿದ್ದೇನೆ ಎಂಬುದೂ ಗೊತ್ತಾಗಿತ್ತು.

ನಾನು ಕಿವಿಯಿಂದ ಹತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಅಪ್ಪ ಅದನ್ನು ನೋಡಿದರು.

“ಅಪ್ಪಾ,” ಅಂದೆ, “ಅವ್ವಗ ಈ ಗದ್ದಲ ಭಾಳ ತ್ರಾಸ ಕೊಡ್ತಿತ್ತೇನು?”